ಕಂಪ್ಯೂಟರಿಗೊಂದು ಗೂಡು

ಮೇಸ್ತ್ರಿ ಮಾಡಿದ ಕಪಾಟಿನ ಬಾಗಿಲು ಮುಚ್ಚಿದ ಮೇಲೆ ಅದರ ಸಂದಿಯಲ್ಲಿ ಕಾಗದದ ಚೂರು ತೂರಿತೆಂದರೆ ಆ ಕಪಾಟು ಗಿರಾಕಿಯ ಮನೆಗೆ ಹೋಗುತ್ತಿರಲಿಲ್ಲ. ಮೂವತ್ತೆಂಟು ವರ್ಷ ಇದೇ ಕ್ರಮ. ಬಾಗಿಲು ಮುಚ್ಚು, ಕಾಗದ ತೂರಿಸು, ತೂರಿದರೆ ಬಿಚ್ಚಿ ಮತ್ತೆ ಮಾಡು. ಬೇರೆ ಬಡಗಿಗಳು ವಾರಕ್ಕೆ ಎರಡು ಕಪಾಟು ಕೊಟ್ಟರೆ ಇವರು ಕೊಡುತ್ತಿದ್ದುದು ತಿಂಗಳಿಗೆ ಎರಡು. ಬೇರೆಯವರು ಮಹಡಿ ಮನೆ ಕಟ್ಟಿಸಿದರು. ಇವರು ಒಳ್ಳೆಯ ಹೆಸರು ಸಂಪಾದಿಸಿ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲೇ ಉಳಿದರು. ಮಂಡಿ ನೋವು ಬಂದು ಕೆಲಸ ಬಿಟ್ಟು ಎರಡು ವರ್ಷವಾದರೂ ಆ ಹೆಸರಿನ ಬಿಸಿ ಆರಿರಲಿಲ್ಲ. ಯಾರಾದರೂ ನೆನಪಿಸಿದರೆ ಸರಿ, ಇಲ್ಲದಿದ್ದರೆ ತಾವೇ ನೆನಪಿಸುತ್ತಿದ್ದರು.

ಇಂಥವರ ಮನೆಗೆ ಒಂದು ದಿನ ಕಂಪ್ಯೂಟರ್ ಬಂತು.

ತಂದವಳು ಸೊಸೆ. ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಟಿಂಗ್ ಟೇಬಲ್ ಮುಂದೆ ನಿಂತೇ ದುಡಿದವಳು. ಊಟದ ಬಿಡುವಿನಲ್ಲಿ ಅರ್ಧ ಹೊಟ್ಟೆಗೆ ತಿಂದು, ಆಫೀಸಿನ ಕಂಪ್ಯೂಟರ್ ಮುಂದೆ ಕೂತು, ಅಂಗಿಯ ತೋಳು, ಕೊರಳು, ಬೆನ್ನಿನ ನಕ್ಷೆಗಳನ್ನು ಪರದೆಯ ಮೇಲೆ ಗೀರಿ ಸಣ್ಣ ಸೈಜಿನಿಂದ ದೊಡ್ಡ ಸೈಜಿಗೆ ಹಿಗ್ಗಿಸುವುದನ್ನು ಕಲಿತಿದ್ದಳು. ಈ ನಕ್ಷೆಗೆ ಅವರು ಪ್ಯಾಟರ್ನ್ ಎನ್ನುತ್ತಾರೆ. ಪ್ಯಾಟರ್ನ್ ವಿಭಾಗ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋದಾಗ ಕಾರ್ಖಾನೆಯ ಯಜಮಾನಿ ಇವಳನ್ನು ಕರೆದಳು.

ಅವತ್ತು ಊಟಕ್ಕೆ ಕೂತಾಗ ಸೊಸೆ ಯಜಮಾನಿಯ ಮಾತನ್ನು ಇದ್ದ ಹಾಗೇ ಒಪ್ಪಿಸಿದಳು. "ಆಸ್ಪತ್ರೆಯವರ ಯೂನಿಫಾರ್ಮಂತೆ. ನಲವತ್ತೆರಡು ಪ್ಯಾಟರ್ನು, ಒಂದೊಂದಕ್ಕೂ ಎಂಟೆಂಟು ಸೈಜು. ಆಫೀಸಲ್ಲಿ ಜಾಗ ಇಲ್ಲ, ಹಳೇ ಕಂಪ್ಯೂಟರ್ ಕೊಡ್ತೀನಿ, ಮನೇಲಿ ಮಾಡು ಅಂದ್ರು. ನಾಲ್ಕು ವಾರದೊಳಗೆ ಮುಗಿಸಿದ್ರೆ ವಿಭಾಗ ನಂದು. ಮುಗಿಸ್ಲಿಲ್ಲ ಅಂದ್ರೆ ಹೊರಗಿನವರಿಗೆ ಕೊಟ್ಟುಬಿಡ್ತಾರೆ. ನಾನು ವಾಪಸ್ ಕಟಿಂಗ್ ಟೇಬಲ್‌ಗೆ."

"ವಾಪಸ್ ಗೀಪಸ್ ಅನ್ಬೇಡ," ಎಂದಳು ಮೇಸ್ತ್ರಿಯ ಹೆಂಡತಿ. "ನಿಂತು ನಿಂತು ಕಾಲಲ್ಲಿ ನರ ಗಂಟು ಕಟ್ಟಿದೆ. ಇನ್ನಾದ್ರೂ ಕೂತು ಮಾಡೋ ಕೆಲಸ ಸಿಗಲಿ."

"ಆಗತ್ತೆ ಬಿಡು," ಎಂದ ಮಗ. ಅವನು ಸಿಟಿ ಬಸ್ ಡ್ರೈವರ್. ಟ್ರಾಫಿಕ್ ಬಿಟ್ಟು ಇನ್ನೆಲ್ಲವೂ ಆಗುತ್ತದೆ ಎಂದು ನಂಬಿದವನು.

ಮೇಸ್ತ್ರಿ ಸೊಸೆಯ ಬಲಗೈ ನೋಡಿದರು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿತ್ತು. ಅಂಥದ್ದೇ ಜಡ್ಡು ಅವರ ಅಂಗೈಯಲ್ಲೂ ಇತ್ತು. ತಮ್ಮ ಪಾಲಿನ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದರು.

ಮೊದಲ ಎರಡು ದಿನ ಕಂಪ್ಯೂಟರಿನ ಪರದೆ ಊಟದ ಮೇಜಿನ ಮೇಲೆ, ಸಿಪಿಯು ಡಬ್ಬ ಮೇಜಿನ ಕೆಳಗೆ. ಮಗ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದರೆ ಅದಕ್ಕೆ ಒದೆ. ಮೇಸ್ತ್ರಿಯ ಹೆಂಡತಿ ನೆಲ ಒರೆಸಿದರೆ ಅದಕ್ಕೆ ಸ್ನಾನ.

"ಅತ್ತೇ, ನೀರು! ನೀರು ಹೋಗತ್ತೆ ಒಳಗೆ!"

"ನಿನ್ನ ಡಬ್ಬಕ್ಕೆ ಹೆದರಿ ನೆಲ ಒರೆಸೋದು ಬಿಡ್ಲಾ? ಎಲ್ಲಾದ್ರೂ ಮೇಲೆತ್ತಿ ಇಡು."

"ಮೇಲೆ ಎಲ್ಲಿಡ್ಲಿ? ನನ್ನ ತಲೆ ಮೇಲೆ ಇಟ್ಕೊಳ್ಳಾ?"

"ಎಲ್ಲೂ ಬೇಡ," ಎಂದರು ಮೇಸ್ತ್ರಿ, ಇದಕ್ಕೇ ಕಾದವರಂತೆ. "ನಾನಿಲ್ವಾ?"

ಎಂಟು ದಿನದಲ್ಲಿ ಗೂಡು ಸಿದ್ಧವಾಯಿತು. ಎರಡು ಕೋಣೆಗಳ ನಡುಗೋಡೆಗೆ ಒರಗಿ, ಸೊಂಟದೆತ್ತರಕ್ಕೆ, ತೇಗದ ಹಲಗೆಯಲ್ಲಿ. ಮೇಲೆ ಪರದೆ, ನಡುವೆ ಕೀಬೋರ್ಡಿಗೆ ಎಳೆಯುವ ಹಲಗೆ, ಪಕ್ಕದಲ್ಲಿ ಸಿಪಿಯುಗೆ ಬಾಗಿಲಿನ ಖಾನೆ. ಡಬ್ಬವನ್ನು ನಾಲ್ಕು ಸಲ ಅಳೆದು ಮಾಡಿದ್ದರಿಂದ ಅದು ಒರೆಯೊಳಗೆ ಕತ್ತಿ ಹೋದಂತೆ ಸುಯ್ಯೆಂದು ಒಳಗೆ ಹೋಯಿತು. ವೈರ್ ಹೋಗಲು ಕೊರೆದ ತೂತೂ ವೈರ್‌ನಷ್ಟೇ ದಪ್ಪ. ಬಾಗಿಲು ಮುಚ್ಚಿದರು, ಕಾಗದ ಹಿಡಿದರು. ತೂರಲಿಲ್ಲ.

"ಒಂದು ಕಣ ಧೂಳು ಒಳಗೆ ಹೋದ್ರೆ ನನ್ನನ್ನ ಕೇಳು," ಎಂದರು ಸೊಸೆಗೆ.

ಪಕ್ಕದ ಮನೆಯವರು ಬಂದು ನೋಡಿ ಹೊಗಳಿದರು, ಎದುರು ಮನೆಯವರು ನೋಡಿ ಹೊಟ್ಟೆ ಉರಿಸಿಕೊಂಡರು. "ಅಪ್ಪ, ಟಿಕೆಟ್ ಇಟ್ಟುಬಿಡೋಣ," ಎಂದ ಮಗ. ಸೊಸೆ ಪಾಲಿಶ್ ಮೇಲೆ ಕೈಯಾಡಿಸಿ, "ನಮ್ಮ ಯಜಮಾನಿ ಹತ್ರಾನೂ ಇಂಥದ್ದಿಲ್ಲ ಮಾವ," ಎಂದಳು. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷಕ್ಕೆ ಎರಡೇ ದಿನ ಆಯುಸ್ಸು.

ಮೂರನೆಯ ದಿನ ಮಧ್ಯಾಹ್ನ ಗೂಡಿನೊಳಗಿಂದ ಗುಂಯ್ಯೆಂದು ಸದ್ದು ಶುರುವಾಯಿತು. ಫ್ಯಾನು ಒಂದೇ ಸಮ ಕೂಗಿಕೊಂಡು, ಪಟ್ಟನೆ ನಿಂತು, ಪರದೆ ಕಪ್ಪಾಯಿತು. ನರ್ಸಮ್ಮನವರ ಅಂಗಿಯ ತೋಳು ಎಂಟು ಸೈಜಿನಲ್ಲಿ ಮುಗಿಯುತ್ತ ಬಂದಿತ್ತು. ಸೇವ್ ಮಾಡಿ ಉಳಿಸಿಕೊಂಡಿದ್ದು ಎರಡು ಸೈಜು ಮಾತ್ರ, ಮಿಕ್ಕದ್ದೆಲ್ಲ ಹೋಯಿತು.

"ಕರೆಂಟ್ ಸರಿ ಇಲ್ಲ," ಎಂದ ಮಗ.

"ಫ್ರಿಜ್ಜು ನಡೀತಿದೆ, ಟಿವಿ ನಡೀತಿದೆ. ಇದಕ್ಕೊಂದಕ್ಕೇ ಸರಿ ಇಲ್ವಾ?" ಎಂದಳು ಹೆಂಡತಿ.

"ಯಂತ್ರವೇ ಕೊಳೆತಿದೆ," ಎಂದು ಮೇಸ್ತ್ರಿ ತೀರ್ಪು ಕೊಟ್ಟರು. "ನಿಮ್ಮ ಯಜಮಾನಿ ಗುಜರಿಗೆ ಹಾಕೋದನ್ನ ನಿನ್ನ ತಲೆಗೆ ಕಟ್ಟಿದಾಳೆ."

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಬೆಳಿಗ್ಗೆ ಸರಿಯಾಗಿ ನಡೆಯುವುದು, ಹನ್ನೆರಡರ ಹೊತ್ತಿಗೆ ಕೂಗುವುದು, ಸಾಯುವುದು. ಸೊಸೆ ಗೂಡಿನ ಮೇಲ್ಹಲಗೆ ಮುಟ್ಟಿ ನೋಡಿದಳು. ಇಸ್ತ್ರಿ ಪೆಟ್ಟಿಗೆ ಇಟ್ಟು ತೆಗೆದಂತೆ ಬಿಸಿ. ಅವಳು ಬಾಗಿಲು ತೆರೆದಿಟ್ಟು ಕೆಲಸಕ್ಕೆ ಕೂತಳು. ಮೇಸ್ತ್ರಿ ಆ ಕಡೆ ಹಾದು ಹೋಗುವಾಗ ಬಾಗಿಲು ತಳ್ಳಿ ಮುಚ್ಚಿದರು. ಅವರು ನೀರು ಕುಡಿಯಲು ಹೋದಾಗ ಅವಳು ತೆರೆದಳು. ಅವರು ನೀರು ಕುಡಿದು ಬಂದು ಮುಚ್ಚಿದರು. ಐದು ದಿನ ಈ ಬಾಗಿಲಿನ ಯುದ್ಧ ಮಾತಿಲ್ಲದೆ ನಡೆಯಿತು. ಸಿಟ್ಟಿನಿಂದಲ್ಲ, ಮೇಸ್ತ್ರಿಗೆ ತೆರೆದ ಬಾಗಿಲು ಕಂಡರೆ ಕೈ ತಾನೇ ಹೋಗುತ್ತಿತ್ತು.

ಮೂರನೆಯ ವಾರ ಮುಗಿಯುವ ಹೊತ್ತಿಗೆ ಇಪ್ಪತ್ತೊಂಬತ್ತು ಪ್ಯಾಟರ್ನ್ ಆಗಿದ್ದವು, ಹದಿಮೂರು ಉಳಿದಿದ್ದವು. ಅವತ್ತು ಮಧ್ಯಾಹ್ನ ಪರದೆ ಮತ್ತೆ ಕಪ್ಪಾದಾಗ ಸೊಸೆ ಎದ್ದು, ಡಬ್ಬವನ್ನು ಗೂಡಿನಿಂದ ಎಳೆದು ತಂದು ಊಟದ ಮೇಜಿನ ಮೇಲೆ ದಪ್ಪೆಂದು ಇಟ್ಟಳು. ಬಡಿಸಿಟ್ಟಿದ್ದ ತಟ್ಟೆಗಳನ್ನು ಹೆಂಡತಿ ಗಬಗಬನೆ ಎತ್ತಿಕೊಂಡಳು.

"ಏನಮ್ಮಾ ಇದು?" ಎಂದರು ಮೇಸ್ತ್ರಿ.

"ಮಾವ, ಬೇಜಾರು ಮಾಡ್ಕೋಬೇಡಿ. ಅದರೊಳಗೆ ಇದಕ್ಕೆ ಸೆಕೆ ಆಗ್ತಿದೆ."

"ಸೆಕೆನಾ? ಕಬ್ಬಿಣದ ಡಬ್ಬಕ್ಕೆ ಸೆಕೆನಾ? ಬೆವರು ಒರೆಸಿ ಬೀಸಣಿಗೆ ಬೀಸೋಣ್ವಾ?"

"ಅಪ್ಪ, ಅವಳು ಹೇಳೋದನ್ನ ಸ್ವಲ್ಪ..." ಎಂದು ಮಗ ಬಾಯಿ ಹಾಕಿದ.

"ನೀನು ಬಸ್ಸು ಓಡ್ಸು. ಮೂವತ್ತೆಂಟು ವರ್ಷದಲ್ಲಿ ನನ್ನ ಕೆಲಸದಲ್ಲಿ ಯಾರೂ ಐಬು ಎತ್ತಿಲ್ಲ. ಈಗ ನನ್ನ ಮನೇಲೇ ಎತ್ತಬೇಕಾ?"

ತಟ್ಟೆ ತೆಗೆದುಕೊಂಡು ಹೊರಬಾಗಿಲ ಮೆಟ್ಟಿಲ ಮೇಲೆ ಕೂತು, ಬೀದಿಗೆ ಮುಖ ಮಾಡಿ ಉಂಡರು. ರಾತ್ರಿಯ ಊಟವೂ ಅಲ್ಲೇ, ಮಾರನೆಯ ಬೆಳಗಿನ ಟೀಯೂ ಅಲ್ಲೇ. ಹೋಗಿ ಬರುವವರೆಲ್ಲ "ಏನು ಮೇಸ್ತ್ರಿಗಳೇ, ಆಚೆ ಕೂತ್ಬಿಟ್ರಿ?" ಎಂದು ವಿಚಾರಿಸಿದರು. ಸೊಸೆಗೆ ತಡೆಯಲಾಗಲಿಲ್ಲ. ಡಬ್ಬವನ್ನು ತಿರುಗಿ ಗೂಡಿಗೆ ಸೇರಿಸಿ, ಅವರ ಕಣ್ಣೆದುರೇ ಬಾಗಿಲು ಮುಚ್ಚಿ, "ಒಳಗೆ ಬನ್ನಿ ಮಾವ," ಎಂದಳು.

ಮೇಸ್ತ್ರಿ ಗೆದ್ದ ಮುಖದಲ್ಲಿ ಒಳಗೆ ಬಂದರು. ಹನ್ನೆರಡೂವರೆಗೆ ಗೂಡಿನಿಂದ ಸುಟ್ಟ ವಾಸನೆ ಬಂತು. ಆಮೇಲೆ ಎಷ್ಟು ಸಲ ಒತ್ತಿದರೂ ಡಬ್ಬದ ದೀಪ ಹತ್ತಲೇ ಇಲ್ಲ. ಸೊಸೆ ಅಳಲಿಲ್ಲ, ಜಗಳವಾಡಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕಪ್ಪು ಪರದೆಯನ್ನು ನೋಡುತ್ತ ಕೂತಳು. ಅತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೇಸ್ತ್ರಿಗೆ.

ರಿಪೇರಿಗೆ ಬಂದವಳು ಇಪ್ಪತ್ತೈದರ ಹುಡುಗಿ. ಬಾಯಲ್ಲಿ ಸ್ಕ್ರೂ ಡ್ರೈವರ್ ಕಚ್ಚಿಕೊಂಡೇ ಗೂಡಿನ ಸುತ್ತ ಕೈಯಾಡಿಸಿ, ಅದನ್ನು ತೆಗೆದು ಕೇಳಿದಳು. "ಇದನ್ನ ಮಾಡಿದ್ಯಾರು?"

"ನಾನೇ," ಎಂದರು ಮೇಸ್ತ್ರಿ.

"ಅಬ್ಬಾ, ಎಂಥಾ ಕೆಲಸ! ಒಂದು ಕಡೆನೂ ಸಂದಿಲ್ಲ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದರು, ಕೇಳಿಸಿತೇ ಎಂಬಂತೆ.

"ಅದೇ ಅಜ್ಜಾ ತೊಂದರೆ. ಇದು ಮುಂದಿನಿಂದ ತಣ್ಣನೆ ಗಾಳಿ ಎಳ್ಕೊಂಡು ಹಿಂದಿನಿಂದ ಬಿಸಿಗಾಳಿ ಬಿಡತ್ತೆ. ನಿಮ್ಮ ಗೂಡಲ್ಲಿ ಹೊಸ ಗಾಳಿ ಬರೋಕೆ ದಾರಿ ಇಲ್ಲ, ಬಿಸಿಗಾಳಿ ಹೋಗೋಕೂ ದಾರಿ ಇಲ್ಲ. ತಾನು ಬಿಟ್ಟಿದ್ದನ್ನೇ ತಾನು ಎಳ್ಕೊಂಡು ಬೆಂದುಹೋಗಿದೆ." ಅವಳು ಸುಟ್ಟ ಭಾಗ ತೆಗೆದು ಹೊಸದನ್ನು ಕೂರಿಸಿದಳು, ಫ್ಯಾನೂ ಬದಲಾಯಿಸಿದಳು. "ಹಿಂದೆ ಒಂದು ಗೇಣು ಬಿಡಿ, ಪಕ್ಕದಲ್ಲಿ ನಾಲ್ಕು ಬೆರಳು. ಮುಂದೆ ಅಡ್ಡ ಏನೂ ಇರಬಾರದು. ನೆಲದ ಮೇಲೆ ಬೇಡ, ಬಿಸಿಲಲ್ಲಿ ಬೇಡ, ಒಲೆ ಹತ್ರ ಬೇಡ. ಮತ್ತೆ ಹೀಗೇ ಮುಚ್ಚಿಟ್ರೆ ಈ ಸಲ ಬೋರ್ಡೇ ಹೋಗತ್ತೆ. ಹೊಸ ಬೋರ್ಡ್ ಬರೋಕೆ ಹದಿನೈದು ದಿನ."

ಸೊಸೆಗೆ ಉಳಿದಿದ್ದು ಆರು ದಿನ.

ಹುಡುಗಿ ಹೋದ ಮೇಲೆ ಮನೆಯವರೆಲ್ಲ ಜಾಗ ಹುಡುಕಿದರು. ಕಿಟಕಿಯ ಹತ್ತಿರ ಮಧ್ಯಾಹ್ನದ ಬಿಸಿಲು. ಅಡುಗೆಮನೆಯಲ್ಲಿ ಎಣ್ಣೆ ಹೊಗೆ. ಮಂಚದ ಮೇಲಿಟ್ಟರೆ ಹಾಸಿಗೆಯೊಳಗೆ ಅರ್ಧ ಹೂತುಹೋಗುತ್ತದೆ. ಫ್ರಿಜ್ಜಿನ ಮೇಲೆ ಇಡೋಣ ಎಂದ ಮಗ. ಇಟ್ಟರು. ಫ್ರಿಜ್ಜು ನಡುಗಿದಾಗ ಡಬ್ಬವೂ ನಡುಗಿತು, ಇಳಿಸಿದರು. ಮೇಸ್ತ್ರಿಯ ಆರಾಮ ಕುರ್ಚಿಯ ಕಡೆ ಎಲ್ಲರೂ ಒಮ್ಮೆ ನೋಡಿ ಕಣ್ಣು ತಿರುಗಿಸಿದರು. ಅದು ಬಿಟ್ಟರೆ ನೆರಳು, ಎತ್ತರ, ತಂಪು ಮೂರೂ ಇದ್ದುದು ಆ ನಡುಗೋಡೆಯ ಬಳಿ, ಗೂಡು ನಿಂತಿದ್ದ ಕಡೆಯೇ. ಇದು ಎಲ್ಲರಿಗೂ ಗೊತ್ತಾಯಿತು.

"ಅದಕ್ಕೆ ಗರಗಸ ಹಾಕೋ ಮಾತು ಯಾರೂ ಆಡ್ಬೇಡಿ," ಎಂದರು ಮೇಸ್ತ್ರಿ.

"ಯಾರು ಆಡಿದ್ರು ಈಗ?" ಎಂದಳು ಹೆಂಡತಿ. "ನೀವೇ ಆಡಿದ್ರಿ."

ಆ ಮನೆಯಲ್ಲಿ ಅವತ್ತು ಯಾರಿಗೂ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ಟಿಂಬರ್ ಡಿಪೋಗೆ ಹೋದರು. ಅಲ್ಲಿ ಅವರಿಗೆ ಕೆಲಸವೇನೂ ಇರಲಿಲ್ಲ. ಮರದ ವಾಸನೆ ಕುಡಿಯುವುದು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು. ಅವತ್ತು ಲಾರಿಯಿಂದ ಹಸಿ ಹಲಗೆ ಇಳಿದಿತ್ತು. ಕೆಲಸದವರು ಅದನ್ನು ಒಂದರ ಮೇಲೊಂದು ಇಟ್ಟಿಗೆ ಜೋಡಿಸಿದಂತೆ ಒಟ್ಟುತ್ತಿದ್ದರು. ಮೇಸ್ತ್ರಿಗೆ ಮೊದಲೇ ತಲೆ ಕೆಟ್ಟಿತ್ತು, ಈಗ ರೇಗಿಹೋಯಿತು.

"ಏನ್ರಯ್ಯಾ, ಮರದ ಕೆಲಸಕ್ಕೆ ಬಂದಿದ್ದೀರೋ ಮಣ್ಣು ಹೊರೋಕೆ ಬಂದಿದ್ದೀರೋ? ಮಧ್ಯೆ ಪಟ್ಟಿ ಎಲ್ಲಿ? ಹಲಗೆ ಹಲಗೆಗೂ ನಡುವೆ ಪಟ್ಟಿ ಕೊಟ್ಟು ಸಂದು ಬಿಡಬೇಕು ಅಂತ ಯಾರೂ ಹೇಳಿಕೊಡ್ಲಿಲ್ವಾ? ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಸಂದಿಲ್ಲದೆ ಒಟ್ಟಿದ್ರೆ ಒಳಗೊಳಗೇ ಕಾವು ಕೂತು, ಎಂಥಾ ಒಳ್ಳೇ ಮಾಲಾದ್ರೂ..."

ಅಲ್ಲಿಗೆ ಬಾಯಿ ನಿಂತಿತು.

ಕೆಲಸದವರು ಮಿಕ್ಕ ಬೈಗುಳಕ್ಕೆ ಕಾದರು. "ಎಂಥಾ ಒಳ್ಳೇ ಮಾಲಾದ್ರೂ ಏನಾಗತ್ತೆ ಮೇಸ್ತ್ರಿಗಳೇ?"

"ಹಾಳಾಗತ್ತೆ," ಎಂದರು ಮೇಸ್ತ್ರಿ. ಅವರ ಕಿವಿ ಕೆಂಪಾಗಿತ್ತು. ಮೂವತ್ತೆಂಟು ವರ್ಷ ಇದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದರೋ ಲೆಕ್ಕವಿಲ್ಲ, ತಮಗೆ ಹೇಳಿಕೊಂಡಿರಲಿಲ್ಲ. ಹಸಿ ಮರಕ್ಕೆ ಗಾಳಿ ಬೇಕೆಂದು ಗೊತ್ತಿದ್ದವರಿಗೆ ದುಡಿಯುವ ಯಂತ್ರಕ್ಕೆ ಗಾಳಿ ಬೇಕೆಂದು ಗೊತ್ತಾಗಲಿಲ್ಲ. ಒಂದು ಹುಡುಗಿ ಬಿಡಿಸಿ ಹೇಳಿದರೂ ಗೊತ್ತಾಗಲಿಲ್ಲ. ಸೊಸೆಯ ಮಡಿಲಲ್ಲಿದ್ದ ಆ ಎರಡು ಕೈಗಳು ನೆನಪಾಗಿ ಅವರಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಮಂಡಿ ನೋವನ್ನೂ ಮರೆತು ಮನೆಗೆ ಬಿರಬಿರನೆ ನಡೆದರು.

ಸೊಸೆ ಡಬ್ಬವನ್ನು ಸ್ಟೂಲಿನ ಮೇಲಿಟ್ಟುಕೊಂಡು, ಯಾರೂ ಎಡವದಂತೆ ಕಾಲಲ್ಲಿ ತಡೆದುಕೊಂಡು, ಬಾಗಿ ಕೆಲಸ ಮಾಡುತ್ತಿದ್ದಳು. ಮೇಸ್ತ್ರಿ ಅಟ್ಟದಿಂದ ಗರಗಸ, ಉಳಿ, ಸುತ್ತಿಗೆ ಇಳಿಸಿದರು.

"ರೀ, ಯಾರ ಮೇಲೆ ಹೊರಟ್ರಿ?" ಎಂದು ಹೆಂಡತಿ ಗಾಬರಿಯಾದಳು.

"ನನ್ನ ಮೇಲೇ," ಎಂದರು ಮೇಸ್ತ್ರಿ. "ಬಾಮ್ಮಾ ಇಲ್ಲಿ. ನಿನ್ನ ಸೀಮೆಸುಣ್ಣ ತಗೊಂಡು ಬಾ. ಎಲ್ಲೆಲ್ಲಿ ಗಾಳಿ ಬೇಕೋ ಅಲ್ಲಲ್ಲಿ ಗೀರು ಹಾಕು."

ಸೊಸೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದಳು. ಹೊಳೆಯುವ ಪಾಲಿಶ್ ನೋಡಿ ಅವಳ ಕೈ ಹಿಂದೆ ಬಂತು. "ಮಾವ, ಇಷ್ಟು ಚೆನ್ನಾಗಿರೋದನ್ನ..."

"ಬಟ್ಟೆ ಚೆನ್ನಾಗಿದೆ ಅಂತ ನೀನು ಕತ್ತರಿ ಹಾಕದೆ ಬಿಡ್ತೀಯಾ? ಗೀರು."

ಅವಳು ಗೀರಿದಳು, ಅವರು ಕುಯ್ದರು. ಅವಳ ಗೀರು ನೋಡಿ ಮೇಸ್ತ್ರಿಗೆ ಬೆರಗಾಯಿತು. ಅಳತೆಪಟ್ಟಿ ಇಲ್ಲದೆ ಎಳೆದರೂ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇಂಥ ಕೈ ತಮ್ಮ ಮನೆಯಲ್ಲೇ ಇರುವುದು ಇಷ್ಟು ವರ್ಷ ಗೊತ್ತಿರಲಿಲ್ಲವಲ್ಲ ಎಂದುಕೊಂಡರು. ಹಿಂದಿನ ಹಲಗೆ ಪೂರ್ತಿ ಹೋಯಿತು. ಪಕ್ಕದ ಹಲಗೆಯನ್ನು ಬಿಚ್ಚಿ ನಾಲ್ಕು ಬೆರಳು ಆಚೆಗೆ ಸರಿಸಿ ಕೂರಿಸಿದರು. ಬಾಗಿಲನ್ನು ಉದ್ದುದ್ದ ಪಟ್ಟಿಯಾಗಿ ಸೀಳಿ, ಒಂದು ಬಿಟ್ಟು ಒಂದನ್ನು ತೆಗೆದುಹಾಕಿ ಚೌಕಟ್ಟಿಗೆ ಹೊಡೆದರು. ಮಗ ಬಂದವನು ಗೂಡನ್ನು ಗೋಡೆಯಿಂದ ಒಂದು ಗೇಣು ಎಳೆದು ನಿಲ್ಲಿಸಿದ. ಡಬ್ಬ ಒಳಗೆ ಕೂತಿತು, ದೀಪ ಹತ್ತಿತು.

ಹೆಂಡತಿ ಒಂದು ದಾರದ ಎಳೆ ತಂದು ಪಟ್ಟಿಗಳ ಮುಂದೆ ಹಿಡಿದಳು. ದಾರ ಒಳಕ್ಕೆ ವಾಲಿತು. ಹಿಂದೆ ಹೋಗಿ ಹಿಡಿದಳು. ದಾರ ಗೋಡೆಯ ಕಡೆ ಹಾರಾಡಿತು.

"ನೋಡ್ರೀ, ಉಸಿರಾಡ್ತಿದೆ!" ಎಂದು ಕೂಗಿದಳು. ಆಮೇಲೆ ಹಿಂದೆ ಒಂದು ಸಲ, ಮುಂದೆ ಒಂದು ಸಲ ಎಷ್ಟು ಬಾರಿ ಹಿಡಿದು ನೋಡಿದಳೋ, ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಅವತ್ತು ಅದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ.

ಹನ್ನೆರಡು ಹೊಡೆಯಿತು. ನಾಲ್ಕು ಜನರೂ ಬೇರೆ ಬೇರೆ ಕೆಲಸ ಮಾಡುವ ನೆಪದಲ್ಲಿ ಗೂಡಿನ ಸುತ್ತವೇ ಇದ್ದರು. ಹನ್ನೆರಡೂವರೆ. ಒಂದು. ಎರಡು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಮೂರು ಗಂಟೆಗೆ ಸೊಸೆ ಒಂದು ಪ್ಯಾಟರ್ನ್ ಎಂಟೂ ಸೈಜಿನಲ್ಲಿ ಮುಗಿಸಿ, ಕೈ ಮೇಲೆತ್ತಿ ಮೈ ಮುರಿದು, ಇನ್ನೊಂದನ್ನು ತೆರೆದಳು. ಮೇಸ್ತ್ರಿ ಆಗ ಹೋಗಿ ಊಟಕ್ಕೆ ಕೂತರು.

ಮುಂದಿನ ದಿನಗಳಲ್ಲಿ ಅವರು ಗೂಡಿಗೆ ಕಾವಲು ನಿಂತರು. ಹೆಂಡತಿ ಹಿಂದೆ ಪೊರಕೆ ಒರಗಿಸಿದರೆ ತೆಗೆದರು. ಮಗ ಯೂನಿಫಾರ್ಮ್ ಅಂಗಿಯನ್ನು ಪಟ್ಟಿಗೆ ತಗುಲಿಸಿದಾಗಲಂತೂ, "ತೆಗಿಯೋ! ಅದೇನು ಗೂಟ ಅಂದ್ಕೊಂಡ್ಯಾ?" ಎಂದು ಮನೆ ಹಾರಿಹೋಗುವಂತೆ ಅರಚಿದರು. ಅಡುಗೆ ಅತ್ತೆಯದಾಯಿತು, ಪಾತ್ರೆ ಮಗನದು, ನಾಲ್ಕು ಗಂಟೆಯ ಟೀ ಮೇಸ್ತ್ರಿಯದು. ಆ ಟೀಯನ್ನು ಸೊಸೆ ಮುಖ ಕಿವುಚದೆ ಕುಡಿದಳು. ಗಡುವಿಗೆ ಒಂದು ದಿನ ಉಳಿದಿರುವಾಗಲೇ, ಬೆಳಿಗ್ಗೆ ಹನ್ನೊಂದಕ್ಕೆ, ನಲವತ್ತೆರಡನೆಯ ಪ್ಯಾಟರ್ನ್ ಯಜಮಾನಿಗೆ ತಲುಪಿತು.

ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಕೂತಿದ್ದಾಗ ಯಜಮಾನಿಯ ಫೋನು ಬಂತು. ಎಲ್ಲರಿಗೂ ಕೇಳಲೆಂದು ಸೊಸೆ ಸ್ಪೀಕರಿಗೆ ಹಾಕಿದಳು.

"ಹೊಲಿಸಿ ನೋಡಿದ್ವಿ. ಆಸ್ಪತ್ರೆಯವರು ಎಂಟು ಸೈಜಿನವರಿಗೂ ಹಾಕಿಸಿ ನೋಡಿದ್ರು. ಒಂದು ತೋಳು ಬಿಗಿ ಇಲ್ಲ, ಒಂದು ಕೊರಳು ಸಡಿಲ ಇಲ್ಲ. ಇವತ್ತಿಂದ ವಿಭಾಗ ನಿಂದಮ್ಮ, ನೀನೇ ಮುಖ್ಯಸ್ಥೆ. ಕೆಲಸ ಜಾಸ್ತಿ ಬರತ್ತೆ, ಸೋಮವಾರ ಇನ್ನೊಂದು ಕಂಪ್ಯೂಟರ್ ಕಳಿಸ್ತೀನಿ. ಹೊಸದು, ಇದಕ್ಕಿಂತ ದೊಡ್ಡದು. ಜಾಗ ಮಾಡ್ಕೋತೀಯಲ್ಲ?"

"ಮಾಡ್ಕೋತೀನಿ ಮೇಡಂ," ಎಂದಳು ಸೊಸೆ. ಫೋನು ಇಟ್ಟದ್ದೇ ತಡ, ಅತ್ತೆ ಅವಳನ್ನು ತಬ್ಬಿಕೊಂಡು ಅತ್ತಳು, ಮಗ ಬಸ್ಸಿನ ಹಾರನ್ನಿನಂತೆ ಕೂಗಿದ. ಮೇಸ್ತ್ರಿ ಕೂತಲ್ಲೇ ಚಪ್ಪಾಳೆ ತಟ್ಟಿದರು.

ಗದ್ದಲ ಇಳಿದ ಮೇಲೆ ಎಲ್ಲರಿಗೂ ಒಟ್ಟಿಗೇ ಅದೇ ಪ್ರಶ್ನೆ ಬಂತು. ಇನ್ನೊಂದು ಡಬ್ಬ, ದೊಡ್ಡದು, ಎಲ್ಲಿ?

"ಮಾವ, ಈ ಸಲ ನೀವೇ ಜಾಗ ನೋಡಿ ಹೇಳಿ," ಎಂದಳು ಸೊಸೆ.

"ನನ್ನನ್ನ ಯಾಕೆ ಕೇಳ್ತೀಯ?" ಎಂದರು ಮೇಸ್ತ್ರಿ. "ಕೆಲಸ ನಿಂದು. ನೀನು ತೋರಿಸಿದ ಕಡೆ ನಾನು ಮಾಡಿಕೊಡ್ತೀನಿ."

ಸೊಸೆ ಮನೆಯೆಲ್ಲ ಒಂದು ಸುತ್ತು ಕಣ್ಣಾಡಿಸಿದಳು. ಮದುವೆಯಾಗಿ ಬಂದು ಒಂಬತ್ತು ವರ್ಷದಲ್ಲಿ, ಅವಳ ವಸ್ತು ಈ ಮನೆಯಲ್ಲಿ ಎಲ್ಲಿರಬೇಕೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಆಮೇಲೆ ಕೈ ಎತ್ತಿ ತೋರಿಸಿದಳು. ಹೊರಬಾಗಿಲಿಗೂ ಹಿತ್ತಿಲ ಬಾಗಿಲಿಗೂ ನೇರವಾಗಿ, ಇಡೀ ದಿನ ನೆರಳಿದ್ದು ತಣ್ಣಗೆ ಗಾಳಿಯಾಡುವ ಜಾಗ. ಅವತ್ತು ಹುಡುಕುವಾಗ ಎಲ್ಲರ ಕಣ್ಣಿಗೂ ಬಿದ್ದು ಯಾರ ಬಾಯಿಗೂ ಬಾರದಿದ್ದ ಜಾಗ. ಅಲ್ಲಿ ಮೇಸ್ತ್ರಿಯ ಆರಾಮ ಕುರ್ಚಿ ಇತ್ತು, ಕುರ್ಚಿಯಲ್ಲಿ ಮೇಸ್ತ್ರಿ ಇದ್ದರು.

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಮಗ ಚಾವಣಿ ನೋಡಿದ.

ಮೇಸ್ತ್ರಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬಾಯಿ ತುಂಬ ನಕ್ಕರು. ಎದ್ದು ನಿಂತು, ಕುರ್ಚಿಯನ್ನು ಎರಡೂ ಕೈಯಲ್ಲಿ ಎದೆಗೆತ್ತಿಕೊಂಡರು.

"ದಾರಿ ಬಿಡಿ ಎಲ್ಲರೂ," ಎಂದರು. "ಮುಖ್ಯಸ್ಥೆಯವರು ಹೇಳಿದಾರೆ."